ಬೈತಲೆಬೊಟ್ಟಿಗೆ ಮೊದಲ ಕೈ

ಕುಶಲಾ ಆ ಮಧ್ಯಾಹ್ನವೂ ಬಂಗುಡೆ ಹುರಿದಳು. ಮಸಾಲೆ ಹಚ್ಚಿದ ಮೀನಿನ ಘಾಟು ಕಾಪುವಿನ ಕಡಲ ಬದಿಯ ಆ ಸಣ್ಣ ಮನೆಯಿಂದ ಹೊರಟು ರಸ್ತೆಯವರೆಗೆ ಹೋಯಿತು. ಹೋಗಲಿ ಎಂದೇ ಅವಳು ಅಡುಗೆಮನೆಯ ಕಿಟಕಿ ತೆರೆದಿಟ್ಟಿದ್ದಳು. ಸಾವಾದ ಮನೆಯಲ್ಲಿ ಉತ್ತರಕ್ರಿಯೆ, ಅಂದರೆ ಈ ಕಡೆಯವರ ಬಾಯಲ್ಲಿ ಬೊಜ್ಜ, ಮುಗಿಯುವ ತನಕ ಮೀನು ಬೇಯಿಸುವುದಿಲ್ಲ. ತನ್ನ ಒಲೆಯ ಮೇಲೆ ದಿನವೂ ಮೀನು ಬೇಯುತ್ತಿದೆ, ಹಾಗಾಗಿ ತನ್ನ ಮನೆಯಲ್ಲಿ ಯಾರೂ ಸತ್ತಿಲ್ಲ. ಇದನ್ನು ಊರಿಗೆ ಬಾಯಿಬಿಟ್ಟು ಹೇಳುವುದಕ್ಕಿಂತ ಮೂಗಿಗೆ ಮುಟ್ಟಿಸುವುದೇ ಲೇಸೆಂದು ಅವಳು ತೀರ್ಮಾನಿಸಿದ್ದಳು.

ಸೊಸೆ ಚೈತಾಲಿ ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಗಂಡ ಸುಕೇಶನ ಬಟ್ಟಲನ್ನೂ ಇಟ್ಟಳು. ಇಡದಿದ್ದರೆ ಅತ್ತೆ ತಾನೇ ಎದ್ದು ಇಡುತ್ತಿದ್ದಳು, ಅನ್ನದ ಜೊತೆಗೆ ನಾಲ್ಕು ಮಾತನ್ನೂ ಬಡಿಸುತ್ತಿದ್ದಳು.

"ನನಗೆ ಗಂಜಿ ಸಾಕು. ಉಪ್ಪಿನಕಾಯಿ ಹಾಕು" ಎಂದ ಮಾವ ಭುಜಂಗ.

"ಯಾಕೆ? ಮೀನು ಕಚ್ತದಾ ನಿಮಗೆ?" ಎಂದಳು ಕುಶಲಾ.

"ಕಚ್ತದೆ."

ಆಯುಷ್ಯವೆಲ್ಲ ಕಡಲಿನ ಮೇಲೆ ಕಳೆದ ಮನುಷ್ಯ ಅವನು. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮಕ್ಕಳಿಬ್ಬರು ಹೋದ ನಾಡದೋಣಿ ತೆರೆಗೆ ಸಿಕ್ಕಿ ಮಗುಚಿದ ದಿನದಿಂದ ಮೀನು ಮುಟ್ಟಿರಲಿಲ್ಲ. ದೋಣಿಯಲ್ಲಿದ್ದ ಉಳಿದವರೆಲ್ಲ ಈಜಿ ದಡ ಸೇರಿದರು. ಕಿರಿಯ ಮಗ ಅಕ್ಷಿತನೂ ಬಂದ. ಹಿರಿಯವ ಸುಕೇಶ್ ಬರಲಿಲ್ಲ. ಅವನ ಹೆಣವೂ ಬರಲಿಲ್ಲ. ಗಂಡ ಹೆಂಡತಿ ಒಂದೇ ಮಗನಿಗಾಗಿ ಒಬ್ಬ ಸೂತಕ ಹಿಡಿದು ಒಬ್ಬಳು ಸೂತಕ ಬಿಟ್ಟು, ಒಂದೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದರು.

ಅಷ್ಟರಲ್ಲಿ ಹೊರಗೆ ರಿಕ್ಷಾ ನಿಂತ ಸದ್ದಾಯಿತು. ಅಕ್ಷಿತ್ ಕೈಕಾಲು ತೊಳೆದು ಒಳಗೆ ಬಂದು ಕೂತ. ಕಡಲಿಗೆ ಮತ್ತೆ ಇಳಿಯದೆ ಅವನೀಗ ಕಟಪಾಡಿಯ ಸ್ಟ್ಯಾಂಡಿನಲ್ಲಿ ಬಾಡಿಗೆ ರಿಕ್ಷಾ ಓಡಿಸುತ್ತಿದ್ದ. ತಮಾಷೆ ಏನೆಂದರೆ, ಅಮ್ಮ ಹುರಿಯುವ ಮೀನನ್ನು ದಿನವೂ ಕಟಪಾಡಿಯಿಂದ ತಂದುಕೊಡುತ್ತಿದ್ದವನು ಅವನೇ. ತಂದದ್ದನ್ನು ಅವಳು ತೆಗೆದುಕೊಳ್ಳುತ್ತಿದ್ದಳು, ಅವನಿಗೆ ಮಾತ್ರ ಬಡಿಸುತ್ತಿರಲಿಲ್ಲ. ಚೈತಾಲಿಯೇ ಎದ್ದು ಅನ್ನ ಹಾಕಿದಳು.

"ಅಮ್ಮ, ಇವತ್ತು ಗುರಿಕಾರರು ಸಿಕ್ಕಿದ್ರು" ಎಂದ ಅಕ್ಷಿತ್ ತಲೆ ತಗ್ಗಿಸಿಕೊಂಡು. ಗುರಿಕಾರರೆಂದರೆ ಅವರ ಕೂಟದ ಹಿರಿಯರು. "ಬೊಜ್ಜದ ವಿಷಯ ಎಂತ ಮಾಡಿದ್ರಿ ಅಂತ ಕೇಳಿದ್ರು."

"ಯಾರ ಬೊಜ್ಜ?"

"ಅಮ್ಮ, ಅಣ್ಣನ ಕಾಲು ಬಲೆಗೆ ಸಿಕ್ಕಿ..."

"ಬಾಯಿ ಮುಚ್ಚು! ಅಣ್ಣನನ್ನು ಬಿಟ್ಟು ಈಜಿ ಬಂದವ ನೀನು. ನೀನು ನನಗೆ ಹೇಳ್ಲಿಕ್ಕೆ ಬರಬೇಡ."

ಅಕ್ಷಿತ್ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಎದ್ದ. ಅಮ್ಮನ ಮುಂದೆ ಅವನು ಎಂದೂ ಆ ವಾಕ್ಯವನ್ನು ಮುಗಿಸಿದ್ದಿಲ್ಲ. ದಡಕ್ಕೆ ಬಂದ ಮೊದಲ ಗಳಿಗೆಯಲ್ಲಿ ಚೈತಾಲಿಯ ಮುಂದೆ ಒಮ್ಮೆ ಪೂರ್ತಿ ಹೇಳಿದ್ದ, ಅಷ್ಟೇ. ಚೈತಾಲಿಯ ಮಗಳು, ಆರನೇ ಕ್ಲಾಸಿನ ತೃಷಾ ಅಜ್ಜಿಯ ಮುಖವನ್ನೂ ಅಮ್ಮನ ಮುಖವನ್ನೂ ನೋಡಿ, ಮೀನಿನ ಮುಳ್ಳನ್ನು ಬಟ್ಟಲಿನ ಅಂಚಿಗೆ ಜೋಡಿಸುತ್ತ ಕೂತಳು.

"ಊಟದ ಹೊತ್ತಿಗೆ ಹುಡುಗನನ್ನು ಎಬ್ಬಿಸಿದ್ಯಲ್ಲ" ಎಂದ ಭುಜಂಗ.

"ನನ್ನ ದೊಡ್ಡ ಮಗ ಎಲ್ಲಿ ಉಣ್ತಿದ್ದಾನೋ, ಅದನ್ನು ಕೇಳಿದ್ರಾ ನೀವು?" ಎಂದಳು ಕುಶಲಾ.

ಈ ಮನೆಯ ಅನ್ನಕ್ಕೆ ಮೊದಲಿನಿಂದ ಎರಡು ದಾರಿಗಳಿದ್ದವು. ಒಂದು ಕಡಲು, ಅದು ಮುಚ್ಚಿ ಹೋಗಿತ್ತು. ಇನ್ನೊಂದು ಚೈತಾಲಿಯ ಕಪಾಟಿನಲ್ಲಿದ್ದ, ಅವಳು ಬಾಡಿಗೆಗೆ ಕೊಟ್ಟು ತಾನೇ ಕಟ್ಟಿ ಬರುವ ಭರತನಾಟ್ಯದ ಆಭರಣಗಳು. ಕೆಂಪು ಕಲ್ಲಿನ ತಲೆಸಾಮಾನು, ಎಂದರೆ ಬೈತಲೆಯ ಉದ್ದಕ್ಕೂ ಮಲಗಿ ಹಣೆಗೆ ಇಳಿಯುವ ಬೈತಲೆಬೊಟ್ಟು, ಅದರ ಆಚೀಚೆಗೆ ಸೂರ್ಯ ಚಂದ್ರ, ಹೆರಳಿನ ಬುಡಕ್ಕೆ ರಾಕಡಿ. ಕಿವಿಗೆ ಜುಮುಕಿ, ತೋಳಿಗೆ ವಂಕಿ, ಸೊಂಟಕ್ಕೆ ಡಾಬು. ಚಿನ್ನವಲ್ಲ, ಚಿನ್ನದ ನೀರು ಕೊಟ್ಟದ್ದು. ಆದರೆ ವೇದಿಕೆಯ ದೀಪಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೊದಲ ಸೆಟ್ಟನ್ನು ತಂದುಕೊಟ್ಟವನು ಸುಕೇಶನೇ. ಒಳ್ಳೆ ಮೀನು ಬಿದ್ದ ಒಂದು ವರ್ಷ, ಉಡುಪಿಯಲ್ಲಿ ನೃತ್ಯ ಬಿಟ್ಟು ಕೂತ ಒಬ್ಬ ವಯಸ್ಸಾದ ಟೀಚರಿಂದ ಕೊಂಡು, ಮೀನಿನ ವಾಸನೆಯ ಕೈಚೀಲದಲ್ಲಿ ಹಾಕಿ ತಂದಿದ್ದ. "ಸಣ್ಣದಿರುವಾಗ ನಾಟ್ಯ ಕಲೀಬೇಕು ಅಂತ ಅತ್ತಿದ್ಯಂತೆ, ಅಲ್ವಾ? ಕುಣೀಲಿಕ್ಕೆ ಆಗ್ಲಿಲ್ಲ. ಕುಣಿಯುವವರಿಗೆ ಕಟ್ಟು" ಎಂದಿದ್ದ. ಚೈತಾಲಿ ಕಟ್ಟುವುದನ್ನು ಕಲಿತಳು. ಎಷ್ಟು ಹೆಜ್ಜೆ ಹಾಕಿದರೂ ಜಾರದಂತೆ ಒಂದೊಂದು ಕೊಂಡಿಯನ್ನೂ ಕೂದಲಿಗೆ ಸೂಜಿದಾರದಲ್ಲಿ ಹೊಲಿಯುವುದನ್ನು ಕಲಿತಳು.

ಮೊದಲ ಕಾರ್ಯಕ್ರಮದ ದಿನ ಅವಳಿಗೆ ಹೆದರಿಕೆಯಾಯಿತು. ಧೈರ್ಯಕ್ಕೆಂದು ಕೊರಳಿನ ಕರಿಮಣಿಯನ್ನು ಹಿಡಿದುಕೊಂಡಳು. ಅದೇ ಕೈಯಲ್ಲಿ ಬೈತಲೆಬೊಟ್ಟೂ ಇತ್ತು. ನೋಡುತ್ತಿದ್ದ ಹುಡುಗಿಯ ತಾಯಿ ಕರಗಿ ಹೋದಳು. "ಬೊಟ್ಟನ್ನು ಕರಿಮಣಿಗೆ ಮುಟ್ಟಿಸಿ ಇಡ್ತೀರಾ? ಎಷ್ಟು ಒಳ್ಳೆ ಕ್ರಮ! ಮುತ್ತೈದೆಯ ಕೈ ಅಂದ್ರೆ ಹಾಗಿರಬೇಕು." ಆ ಹುಡುಗಿಗೆ ಮೊದಲ ಬಹುಮಾನವೂ ಬಂತು. ಅಂಥ ಕ್ರಮ ಎಲ್ಲಿಯೂ ಇರಲಿಲ್ಲ, ಇದ್ದದ್ದು ಹೆದರಿಕೆ ಮಾತ್ರ. ಆದರೆ ಅಲ್ಲ ಎನ್ನಲು ಚೈತಾಲಿ ಏನು ಹುಚ್ಚಿಯೇ? ಅಂದಿನಿಂದ ಪ್ರತಿ ಸಲವೂ ಮುಟ್ಟಿಸಿದಳು. ಉಡುಪಿ, ಮಣಿಪಾಲ, ಕಾರ್ಕಳ, ಬಜಗೋಳಿಯವರೆಗೆ ತಾಯಂದಿರು ಮಾತಾಡಿಕೊಂಡರು. ಕಾಪುವಿನ ಚೈತಾಲಿಯ ಕೈಗುಣ ಒಳ್ಳೆಯದು, ಮೊದಲ ಕೈ ಅವಳದ್ದೇ ಆಗಬೇಕು ಎಂದರು. ತಾನೇ ಹುಟ್ಟಿಸಿದ ಆ ಕ್ರಮ ಈಗ ಅವಳ ಕುತ್ತಿಗೆಗೇ ಬಂದಿತ್ತು.

ನವರಾತ್ರಿ ಹತ್ತಿರ ಬಂದಂತೆ ಒಂದೊಂದೇ ಫೋನು ಬರತೊಡಗಿತು.

"ಚೈತಾಲಿ, ಈ ಸಲ ಮಕ್ಕಳಿಗೆ ಸಣ್ಣ ಮಟ್ಟಿಗೆ ಮಾಡುವಾ ಅಂತ. ಆಭರಣ ನಾವೇ ನೋಡಿಕೊಳ್ತೇವೆ" ಎಂದರು ಬಜಗೋಳಿಯ ಕ್ಲಾಸಿನವರು.

"ನಿಮಗೆ ಈಗ ಮನಸ್ಸು ಸರಿ ಇರ್ಲಿಕ್ಕಿಲ್ಲ. ವಿಶ್ರಾಂತಿ ತೆಕ್ಕೊಳ್ಳಿ" ಎಂದರು ಇನ್ನೊಬ್ಬರು.

ಯಾರೂ ಕಾರಣ ಹೇಳಲಿಲ್ಲ. ಎಲ್ಲರ ದನಿಯಲ್ಲೂ ಕನಿಕರವೇ ಇತ್ತು, ಅದನ್ನು ಒಲೆಯ ಮೇಲೆ ಇಟ್ಟು ಬೇಯಿಸಲು ಮಾತ್ರ ಬರುವುದಿಲ್ಲ. ಉಡುಪಿಯಲ್ಲಿ ಉಳಿದ ಒಂದೇ ಒಂದು ಕಾರ್ಯಕ್ರಮಕ್ಕೆ ಹೋದಾಗ ಹುಡುಗಿಯ ತಾಯಿ ಅವಳನ್ನು ಬದಿಗೆ ಕರೆದಳು.

"ಸುದ್ದಿ ಏನಾದ್ರೂ ಉಂಟಾ?"

"ಇಲ್ಲ."

"ಪಾಪ. ನೀವು ಜಡೆ ಕಟ್ಟಿ, ಡಾಬು ಕಟ್ಟಿ. ಬೈತಲೆಬೊಟ್ಟು ನಾನೇ ಇಡ್ತೇನೆ. ತಪ್ಪು ತಿಳ್ಕೊಳ್ಬೇಡಿ, ಆಯ್ತಾ?"

ಆ ತಾಯಿ ಎರಡು ಪಿನ್ನು ಚುಚ್ಚಿ ಸಾಕೆಂದಳು. ನೃತ್ಯದ ನಡುವೆ ಬೊಟ್ಟು ಜಾರಿ ಹುಡುಗಿಯ ಹುಬ್ಬಿನ ಮೇಲೆ ನೇತಾಡಿತು, ಹುಡುಗಿ ಅಳುತ್ತ ಒಳಗೆ ಓಡಿ ಬಂದಳು. ಮರುದಿನದಿಂದ ಸುದ್ದಿ ಬೇರೆಯೇ ರೂಪ ಪಡೆಯಿತು. ಚೈತಾಲಿ ಇದ್ದ ಕೋಣೆಯಲ್ಲೇ ಅಪಶಕುನ ಆಯಿತಂತೆ ಎಂದರು. ಪಿನ್ನು ಚುಚ್ಚಿದ್ದು ಯಾರೆಂದು ಕೇಳುವ ತಾಳ್ಮೆ ಯಾರಿಗಿತ್ತು?

ಮನೆಯಲ್ಲಿ ಕುಶಲಾ ಬೆಳಿಗ್ಗೆ ಎದ್ದ ಕೂಡಲೇ ಸೊಸೆಯ ಹಣೆ ನೋಡುತ್ತಿದ್ದಳು.

"ಕುಂಕುಮ ಸಣ್ಣದಾಯ್ತು. ದೊಡ್ಡದಿಡು."

"ಇಟ್ಟಿದ್ದೇನೆ ಮಾಮಿ."

"ಕರಿಮಣಿ ಒಳಗೆ ಹಾಕಿಕೊಳ್ಳುದು ಎಂತಕ್ಕೆ? ಹೊರಗೆ ಕಾಣ್ಲಿ. ಜೋಯಿಸರು ಹೇಳಿದ್ದು ನೆನಪುಂಟಲ್ಲ, ಉತ್ತರ ದಿಕ್ಕಿನಲ್ಲಿ ಇದ್ದಾನೆ, ಜೀವ ಉಂಟು ಅಂತ? ಯಾವುದೋ ಬೋಟಿನವರು ಎತ್ತಿಕೊಂಡು ಹೋಗಿರ್ತಾರೆ. ನೀನು ಹೀಗೆ ಬೋಳು ಬೋಳು ತಿರುಗಿದ್ರೆ ಅವನಿಗೆ ಕೇಡು."

ಚೈತಾಲಿ ಕರಿಮಣಿಯನ್ನು ಹೊರಗೆ ಎಳೆದುಕೊಳ್ಳುತ್ತಿದ್ದಳು. ಅತ್ತೆಯ ಮಾತಿನಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಆದರೂ ಆ ಮಾತು ನಿಲ್ಲುವುದು ಬೇಡವಾಗಿತ್ತು. ಈ ಮುದುಕಿ ಮಗ ಇಲ್ಲ ಎನ್ನುವವರೆಗೆ ತಾನಿನ್ನೂ ಒಬ್ಬನ ಹೆಂಡತಿ. ಈ ಆಸೆಗೆ ಅವಳಿಗೆ ನಾಚಿಕೆಯಾಗುತ್ತಿತ್ತು. ಅತ್ತೆಯ ಹುಚ್ಚಿನ ನೆರಳಿನಲ್ಲಿ ಅವಳು ಬದುಕಿಕೊಂಡಿದ್ದಳು.

ತುಳಸಿ ಪೂಜೆ ಕಳೆದ ಮರುದಿನ ಭುಜಂಗ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿ ಮಾತು ತೆಗೆದ.

"ಇನ್ನು ಎಳೆಯುದು ಬೇಡ. ಬೊಜ್ಜ ಮಾಡಿ ಮುಗಿಸುವಾ. ಹುಡುಗನ ಆತ್ಮ ಎಷ್ಟು ದಿನ ಅಂತ ನೀರಿನ ಮೇಲೆ ಅಲೀಬೇಕು?"

ಕುಶಲಾ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದಳು. ಬೂತಾಯಿ ಮೀನಿನ ಸಾರು ಗೋಡೆಗೆ ಸಿಡಿಯಿತು.

"ಹೆಣ ಎಲ್ಲುಂಟು? ತೋರಿಸಿ ನನಗೆ! ಹೆಣ ಇಲ್ಲದೆ ಹುಲ್ಲಿನ ಗೊಂಬೆ ಮಾಡಿ ನನ್ನ ಮಗ ಅಂತ ಸುಡ್ತೀರಾ?"

"ಕಡಲು ಎಲ್ಲವನ್ನೂ ಹಿಂದೆ ಕೊಡುದಿಲ್ಲ ಕುಶಲಾ. ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತಿದ್ದು ಸಾಕು! ಚೈತಾಲಿ, ನೀನು ಹೇಳು. ನಿನ್ನ ಗಂಡ ಅಲ್ವಾ? ಬೊಜ್ಜ ಮಾಡ್ಬೇಕಾ?"

ಚೈತಾಲಿ ನೆಲಕ್ಕೆ ಚೆಲ್ಲಿದ ಸಾರನ್ನು ಒರೆಸುತ್ತಿದ್ದಳು. ಬೊಜ್ಜವಾದರೆ ಕರಿಮಣಿ ಇಳಿಯುತ್ತದೆ. ಕರಿಮಣಿ ಇಳಿದರೆ ಕಪಾಟಿನ ಆಭರಣಗಳಿಗೆ ಬೀಗ. ಬೊಜ್ಜವಾಗದಿದ್ದರೂ ಬೀಗ ಆಗಲೇ ಬೀಳುತ್ತಿತ್ತು. ಹಾಗಾದರೆ ಯಾವುದಕ್ಕೆ ಹೂಂ ಎನ್ನುವುದು?

"ನನಗೆ ಗೊತ್ತಿಲ್ಲ ಮಾಮಿ" ಎಂದಳು.

"ನೋಡಿದ್ರಾ? ಅವಳಿಗೂ ಬೇಡ!" ಎಂದು ಕುಶಲಾ ಗೆದ್ದವಳಂತೆ ಗಂಡನ ಕಡೆ ತಿರುಗಿದಳು.

ಆ ವಾರ ಅಂಗಡಿಯಿಂದ ಅಕ್ಕಿ ಅರ್ಧ ಮೂಟೆ ಬಂತು, ಸಕ್ಕರೆ ಬರಲಿಲ್ಲ. ತೃಷಾಳ ಶಾಲೆಯ ಪ್ರವಾಸಕ್ಕೆ ಚೈತಾಲಿ ಏನೋ ನೆಪ ಹೇಳಿದಳು. ಒಂದು ಸಂಜೆ ಅಕ್ಷಿತ್ ಜಗಲಿಯಲ್ಲೇ ನಿಂತು ಕರೆದ.

"ಅತ್ತಿಗೆ, ಕಾರ್ಕಳದ ಒಬ್ಬರು ಸೆಟ್ಟುಗಳನ್ನು ಕೇಳ್ತಿದ್ದಾರೆ. ಎಲ್ಲ ಒಟ್ಟಿಗೆ ಕೊಡುದಾದ್ರೆ ತೆಕ್ಕೊಳ್ತಾರಂತೆ."

"ನಿಮ್ಮಣ್ಣ ತಂದದ್ದೂ ಸೇರಿ?"

"ಅದೇ ಒಳ್ಳೆ ಸೆಟ್ಟು ಅಲ್ವಾ ಅತ್ತಿಗೆ. ಅದಿಲ್ಲದಿದ್ರೆ ಅವರಿಗೆ ಬೇಡವಂತೆ."

ಚೈತಾಲಿ ಅಂದು ಪೆಟ್ಟಿಗೆಗಳನ್ನೆಲ್ಲ ಚಾಪೆಯ ಮೇಲೆ ಬಿಚ್ಚಿ ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಕಲ್ಲುಗಳ ಸಂದಿನ ಬೆವರಿನ ಕೊಳೆ ತೆಗೆದಳು. ಮಾರುವ ಮುಂಚೆ ಚೊಕ್ಕ ಮಾಡಬೇಕಲ್ಲ. ತೃಷಾ ಪಕ್ಕದಲ್ಲಿ ಬಂದು ಕೂತಳು.

"ಅಪ್ಪ ತಂದ ಸೆಟ್ಟನ್ನೂ ಕೊಡ್ತೀಯಾ ಅಮ್ಮ?"

"ಹೂಂ."

"ಅಪ್ಪ ಬಂದು ಕೇಳಿದ್ರೆ?"

ಮಗಳು ನಂಬಿ ಕೇಳಿದಳೋ, ಅಜ್ಜಿಯ ಮಾತನ್ನೇ ಒಪ್ಪಿಸಿದಳೋ ಚೈತಾಲಿಗೆ ತಿಳಿಯಲಿಲ್ಲ. ಬ್ರಷ್ಷನ್ನು ಕೆಳಗಿಟ್ಟು ಮಗಳನ್ನು ಎದೆಗೊತ್ತಿಕೊಂಡು ಅತ್ತಳು.

ಕಾರ್ಕಳದವರಿಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲ, ಅಷ್ಟರಲ್ಲಿ ವಾರಿಜಾ ಟೀಚರ್ ಮನೆಗೇ ಬಂದರು. ಮಣಿಪಾಲದಲ್ಲಿ ಭರತನಾಟ್ಯದ ಕ್ಲಾಸು ನಡೆಸುವವರು, ಚೈತಾಲಿಗೆ ಮೊದಮೊದಲು ಕೆಲಸ ಕೊಟ್ಟವರು. ಅವರ ಶಿಷ್ಯೆ ನಿಹಾರಿಕಾಳ ರಂಗಪ್ರವೇಶ ಮುಂದಿನ ಭಾನುವಾರ ಬೆಳಿಗ್ಗೆ ಮಣಿಪಾಲದಲ್ಲಿ. ಹುಡುಗಿ ಕುಕ್ಕುಂದೂರಿನವಳು.

"ಸಣ್ಣ ಪ್ರಾಯದಿಂದ ನೀನೇ ಕಟ್ಟಿದ ಹುಡುಗಿ. ಮೂರು ಗಂಟೆ ಒಬ್ಬಳೇ ಕುಣೀಬೇಕು, ನೀನು ಹೊಲಿದ ಹಾಗೆ ಬೇರೆಯವರಿಗೆ ಬರುದಿಲ್ಲ" ಎಂದರು ಟೀಚರ್. ಆಮೇಲೆ ಕೈಯಲ್ಲಿದ್ದ ಕಾಫಿಯ ಲೋಟವನ್ನು ತಿರುಗಿಸುತ್ತ ಕೂತರು. "ಒಂದೇ ಒಂದು ವಿಷಯ ಚೈತಾಲಿ. ಅವಳ ಅಜ್ಜಿ ಹಳೇ ಕಾಲದವರು. ಬೈತಲೆಬೊಟ್ಟಿಗೆ ಮೊದಲ ಕೈ ಮಾತ್ರ ಮನೆಯ ಮುತ್ತೈದೆಯೊಬ್ಬಳದ್ದು ಅಂತ. ಮತ್ತೆ ಎಲ್ಲ ನೀನೇ. ನನಗೇನೂ ಇಲ್ಲ ಮಾರಾಯ್ತಿ, ದೇವರಾಣೆ. ಅವರದ್ದು..."

ಅಡುಗೆಮನೆಯಿಂದ ಕುಶಲಾ ಹೊರಗೆ ಬಂದಳು.

"ನನ್ನ ಸೊಸೆ ಮತ್ತೆ ಎಂತದ್ದು? ಅವಳು ಮುತ್ತೈದೆ ಅಲ್ವಾ? ನನ್ನ ಮಗ ಇದ್ದಾನೆ! ಹಾಗೆ ಹೇಳ್ಲಿಕ್ಕೆ ಬಂದದ್ದಾದ್ರೆ ಈ ಮನೆಯ ಕಾಫಿ ಕುಡೀಬೇಡಿ."

ಟೀಚರ್ ಲೋಟ ಕೆಳಗಿಟ್ಟು ಎದ್ದರು. ಚೈತಾಲಿ ಅವರ ಹಿಂದೆಯೇ ಗೇಟಿನವರೆಗೆ ಹೋದಳು.

"ಬರ್ತೇನೆ ಟೀಚರ್. ಅವರು ಹೇಳಿದ ಹಾಗೆಯೇ ಆಗ್ಲಿ."

"ಅತ್ತೆ?"

"ಅವರಿಗೆ ನಾನು ಹೇಳ್ತೇನೆ."

ಹೇಳಿದಳು. ಕುಶಲಾ ಅಂದಿನಿಂದ ಸೊಸೆಯ ಹತ್ತಿರ ಮಾತು ಬಿಟ್ಟಳು. ಮೀನು ಹುರಿಯುವುದು ಬಿಡಲಿಲ್ಲ, ಬೆಳಿಗ್ಗೆ ಹಣೆ ನೋಡುವುದನ್ನೂ ಬಿಡಲಿಲ್ಲ, ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಭುಜಂಗ ಇಬ್ಬರ ನಡುವೆ ಉಪ್ಪಿನ ಭರಣಿ ದಾಟಿಸುತ್ತ ಊಟ ಮುಗಿಸುತ್ತಿದ್ದ. ಭಾನುವಾರ ಬೆಳಕು ಹರಿಯುವ ಮುಂಚೆ ಅಕ್ಷಿತ್ ರಿಕ್ಷಾಕ್ಕೆ ಪೆಟ್ಟಿಗೆಗಳನ್ನು ಹಾಕುತ್ತಿದ್ದಾಗ, ಇದ್ದ ಒಂದೇ ಒಳ್ಳೆ ಸೀರೆ ಉಟ್ಟು ತಲೆತುಂಬ ಅಬ್ಬಲಿಗೆ ಮುಡಿದು ಕುಶಲಾ ಹೊರಗೆ ಬಂದಳು.

"ನಾನೂ ಬರ್ತೇನೆ."

"ಮಾಮಿ, ಅಲ್ಲಿ ನೀವು..."

"ಯಾವಳು ನನ್ನ ಸೊಸೆಯ ಕೈ ಹಿಡೀತಾಳೆ ಅಂತ ನೋಡ್ಲಿಕ್ಕುಂಟು ನನಗೆ" ಎಂದು ರಿಕ್ಷಾ ಹತ್ತಿ ಕೂತಳು.

ಮಣಿಪಾಲ ಮುಟ್ಟುವವರೆಗೆ ಚೈತಾಲಿಗೆ ಒಂದೇ ಯೋಚನೆ. ಈ ಒಂದು ಕೆಲಸವೂ ಇಂದು ಜಗಳದಲ್ಲಿ ಮುಗಿದರೆ ಮತ್ತೆ ಕಾರ್ಕಳದವರಿಗೆ ಪೆಟ್ಟಿಗೆ ಕೊಡುವುದೊಂದೇ ದಾರಿ.

ಬಣ್ಣದ ಕೋಣೆಯಲ್ಲಿ ನಿಹಾರಿಕಾ ಕನ್ನಡಿಯ ಮುಂದೆ ಕೂತಿದ್ದಳು. ಮುಖದ ಬಣ್ಣ ಆಗಿತ್ತು. ಚೈತಾಲಿ ಬೈತಲೆ ತೆಗೆದು ಜಡೆ ಬಿಗಿದಳು. ಸುಕೇಶ್ ತಂದ ಸೆಟ್ಟಿನ ಪೆಟ್ಟಿಗೆ ಬಿಚ್ಚಿ ಹಿಂದೆ ಸರಿದು ನಿಂತಳು. ಹುಡುಗಿಯ ಚಿಕ್ಕಮ್ಮ ಕುಂಕುಮದ ಬಟ್ಟಲು ಹಿಡಿದು ಮುಂದೆ ಬಂದಳು. ಹಿಂದೆ ಕುರ್ಚಿಯಲ್ಲಿ ಕುಕ್ಕುಂದೂರಿನ ಅಜ್ಜಿ ಕೂತಿದ್ದರು.

ಕುಶಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಲ್ಲಿ. ಆ ಬೊಟ್ಟನ್ನು ನನ್ನ ಸೊಸೆ ಇಡ್ತಾಳೆ."

"ಇವರು ಯಾರು?" ಎಂದರು ಅಜ್ಜಿ.

"ನಾನು ಅವಳ ಅತ್ತೆ. ಅವಳ ಕೊರಳಲ್ಲಿ ಕರಿಮಣಿ ಉಂಟು, ಹಣೆಯಲ್ಲಿ ಕುಂಕುಮ ಉಂಟು. ನಿಮಗೆ ಕಣ್ಣು ಕಾಣುದಿಲ್ವಾ?"

"ಕಾಣ್ತದಮ್ಮ. ಆದ್ರೆ ಊರಿನವರು ಹೇಳುದು..."

"ಊರಿನವರು ನನ್ನ ಮಗನನ್ನು ಹುಡುಕಿದ್ರಾ? ಒಂದು ದಿನ ಹುಡುಕಿ ಮನೆಗೆ ಹೋಗಿ ಉಂಡು ಮಲಗಿದ್ರು!"

"ಮಾಮಿ, ಸಾಕು. ನಾವು ಹೊರಗೆ ಹೋಗುವಾ" ಎಂದು ಚೈತಾಲಿ ಅವಳ ಕೈ ಹಿಡಿದಳು. ಕುಶಲಾ ಕೊಡವಿಕೊಂಡಳು. ವಾರಿಜಾ ಟೀಚರ್ ಓಡಿ ಬಂದು ಬಾಗಿಲು ಮುಚ್ಚಿದರು. ಆಗ ಕನ್ನಡಿಯ ಮುಂದಿನಿಂದ ಹುಡುಗಿ ಮಾತಾಡಿದಳು.

"ಅಜ್ಜಿ, ನನಗೆ ಚೈತಾಲಿ ಅಕ್ಕನೇ ಇಡ್ಬೇಕು. ಯಾವತ್ತೂ ಅವರೇ ಇಟ್ಟದ್ದು. ಇಲ್ಲದಿದ್ರೆ ನಾನು ಸ್ಟೇಜಿಗೆ ಹೋಗುದಿಲ್ಲ."

"ಅಲ್ಲ ಮಗಾ, ಇವತ್ತಿನ ದಿನ..."

"ಹೋಗುದಿಲ್ಲ ಅಂದ್ರೆ ಹೋಗುದಿಲ್ಲ."

ಹೊರಗೆ ಮೃದಂಗದ ಶ್ರುತಿ ಸರಿಮಾಡುವ ಸದ್ದು ಕೇಳುತ್ತಿತ್ತು. ಅಜ್ಜಿ ಮೊಮ್ಮಗಳನ್ನು ನೋಡಿದರು, ಚೈತಾಲಿಯನ್ನು ನೋಡಿದರು. ಕಡೆಗೆ ಉಸಿರು ಬಿಟ್ಟರು. "ಆಯ್ತು. ಅವಳ ಮನಸ್ಸು ನೋಯಿಸಿ ಕುಣಿಸುದು ಬೇಡ. ನೀನೇ ಇಡು ಮಗಾ, ನಿನ್ನ ಕ್ರಮದ ಹಾಗೆಯೇ ಇಡು."

ಕುಶಲಾ ಗೆದ್ದಿದ್ದಳು. ಆಟಿಯ ನಂತರ ಮೊದಲ ಬಾರಿಗೆ ಅವಳ ಮುಖದಲ್ಲಿ ಗೆಲುವು ಕಂಡಿತು. "ಇಡು" ಎಂದಳು ಸೊಸೆಗೆ.

ಚೈತಾಲಿ ಬೈತಲೆಬೊಟ್ಟನ್ನು ಕೈಗೆತ್ತಿಕೊಂಡಳು. ಅಭ್ಯಾಸದ ಕೈ, ತಾನಾಗಿಯೇ ಕರಿಮಣಿಯ ಕಡೆಗೆ ಹೋಯಿತು. ಮುಟ್ಟಲು ಒಂದು ಬೆರಳಿನಷ್ಟು ಇರುವಾಗ ನಿಂತಿತು. ಬಲೆ, ಕಾಲು, ಅಣ್ಣಾ ಎಂದು ಕೂಗಿದ್ದು, ನೀರಿನ ಮೇಲೆ ಒಮ್ಮೆ ಕಂಡ ಕೈ, ಮತ್ತೆ ಕಾಣದ ಕೈ. ದಡದ ಮರಳಿನಲ್ಲಿ ಕೂತು ಅಕ್ಷಿತ್ ಹೇಳಿದ್ದೆಲ್ಲ ಅವಳಿಗೆ ಕೇಳಿಸಿತು. ಅವನ ಮಾತನ್ನು ಅವಳು ಅಂದೇ ನಂಬಿದ್ದಳು. ಈ ಮಣಿಗಳ ಹಿಂದೆ ಯಾರೂ ಇಲ್ಲ. ಇಲ್ಲದ್ದನ್ನು ಇದೆಯೆಂದು ಮುಟ್ಟಿಸಿ ಈ ಮಗುವಿನ ತಲೆಗೆ ಹೇಗೆ ಇಡುವುದು? ಅಂಥ ಶಾಸ್ತ್ರ ಇಲ್ಲ, ತಾನೇ ಕಟ್ಟಿದ ಸುಳ್ಳು ಎಂದು ಗೊತ್ತಿದ್ದವಳು ಅವಳೊಬ್ಬಳೇ. ಆದರೂ ಕೈ ಮುಂದೆ ಹೋಗಲಿಲ್ಲ.

"ಇಡು" ಎಂದಳು ಕುಶಲಾ ಮತ್ತೆ.

ಚೈತಾಲಿಯ ಕೈ ಕೆಳಗೆ ಇಳಿಯಿತು.

"ನನ್ನಿಂದ ಆಗುದಿಲ್ಲ ಮಾಮಿ."

ಕುಶಲಾ ಸೊಸೆಯನ್ನೇ ನೋಡುತ್ತ ನಿಂತಳು. ಊರು ಹೇಳಿದ್ದನ್ನು ಅವಳು ಬಯ್ದು ಓಡಿಸಿದ್ದಳು, ಗಂಡ ಹೇಳಿದ್ದಕ್ಕೆ ಸೌಟು ಕುಕ್ಕಿದ್ದಳು, ಮಗನ ಬಾಯಿ ಮುಚ್ಚಿಸಿದ್ದಳು. ಅಷ್ಟೂ ದಿನ ತನ್ನ ಕಡೆಗೆ ಒಬ್ಬಳಿದ್ದಾಳೆ ಎಂದುಕೊಂಡಿದ್ದಳು. ಆ ಒಬ್ಬಳ ಹಣೆಯ ಕುಂಕುಮ ತಾನು ಗದರಿಸಿ ಇಡಿಸಿದ್ದು ಮಾತ್ರ ಎಂದು ಈಗ ಗೊತ್ತಾಯಿತು. ಜಗಳಕ್ಕೆ ಬಂದ ಆ ಹೆಂಗಸಿನ ಮುಖ ನೋಡುತ್ತಿದ್ದಂತೆ ಇಳಿದು ಹೋಯಿತು, ಒಮ್ಮೆಲೇ ವಯಸ್ಸಾದಂತೆ ಕಂಡಳು.

ಅವಳು ಸೊಂಟದ ಸೆರಗನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಹತ್ತಿರ ಬಂದು ಚೈತಾಲಿಯ ಕೈಯಿಂದ ಬೈತಲೆಬೊಟ್ಟನ್ನು ತೆಗೆದುಕೊಂಡಳು. ತನ್ನ ಕರಿಮಣಿಗೆ ಮುಟ್ಟಿಸಿದಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಿಡಿದಳು. ಮೀನು ಕೊಯ್ದು ಗಾಯವಾದ ಒರಟು ಬೆರಳುಗಳಿಂದ ಹುಡುಗಿಯ ಬೈತಲೆಯ ಮೇಲೆ ಇಟ್ಟಳು.

"ಹೀಗಾ?" ಎಂದು ಕೇಳಿದಳು.

"ಸ್ವಲ್ಪ ಎಡಕ್ಕೆ, ಮಾಮಿ."

ಕುಶಲಾ ಎಡಕ್ಕೆ ಸರಿಸಿ ಕೈ ತೆಗೆದಳು. ಚೈತಾಲಿ ಸೂಜಿಗೆ ದಾರ ಪೋಣಿಸಿದಳು. ಕಣ್ಣು ತುಂಬಿ ಬಂದು ಸೂಜಿಯ ಕಣ್ಣೇ ಕಾಣಲಿಲ್ಲ, ನಿಹಾರಿಕಾಳೇ ಅವಳ ಕೈಯಿಂದ ತೆಗೆದು ಪೋಣಿಸಿ ಕೊಟ್ಟಳು.

ರಂಗಪ್ರವೇಶ ಚೆನ್ನಾಗಿ ನಡೆಯಿತು. ಒಂದು ಕಲ್ಲೂ ಅಲುಗಲಿಲ್ಲ. ಕುಶಲಾ ನೃತ್ಯ ನೋಡಲಿಲ್ಲ. ಹೊರಗಿನ ಮೆಟ್ಟಿಲಿನ ಮೇಲೆ ಕೂತಿದ್ದಳು, ಟೀಚರ್ ಕಳಿಸಿದ ಉಪ್ಪಿಟ್ಟನ್ನು ಮುಟ್ಟಲಿಲ್ಲ. ಆಭರಣಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿ ಚೈತಾಲಿ ಹೊರಗೆ ಬಂದಾಗಲೂ ಅವಳು ಅಲ್ಲೇ ಇದ್ದಳು.

ರಿಕ್ಷಾ ಉಡುಪಿ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಕುಶಲಾ ಬಾಯಿ ತೆರೆದಳು.

"ಇನ್ನು ಮುಂದೆ ನಾನು ಬರ್ತೇನೆ ನಿನ್ನೊಟ್ಟಿಗೆ. ಮೊದಲ ಕೈ ನನ್ನದಾಗ್ಲಿ. ಮತ್ತೆಲ್ಲ ನೀನು ಮಾಡು. ಸೆಟ್ಟು ಮಾರುದು ಬೇಡ."

ಚೈತಾಲಿ ಅತ್ತೆಯ ಕಡೆ ತಿರುಗಿದಳು.

"ನಿನ್ನ ಮಾವ ಇರುವಷ್ಟು ದಿನ ಅದಾದ್ರೂ ನಡೀತದೆ" ಎಂದಳು ಕುಶಲಾ, ಹೊರಗೆ ನೋಡುತ್ತ.

ಕಟಪಾಡಿ ಬಂತು. ಮೀನು ಮಾರುವ ಹೆಂಗಸರು ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟು ಕೂತಿದ್ದರು. ಅಕ್ಷಿತ್ ದಿನದಂತೆ ರಿಕ್ಷಾದ ವೇಗ ತಗ್ಗಿಸಿ ಬದಿಗೆ ತಂದ. ಅಮ್ಮನನ್ನು ಕೇಳುವ ಧೈರ್ಯವಿಲ್ಲದೆ ಅತ್ತಿಗೆಯನ್ನು ಕೇಳಿದ.

"ಎಂತ ಮೀನು ತೆಕ್ಕೊಳ್ಳುದು ಅತ್ತಿಗೆ? ಬಂಗುಡೆ ಉಂಟು."

"ಮೀನು ಬೇಡ ಮಗಾ" ಎಂದಳು ಕುಶಲಾ.

ಅಕ್ಷಿತ್ ಹಿಂದೆ ತಿರುಗಿದ. ಅವಳು ಅವನನ್ನು ಮಗಾ ಎಂದು ಕರೆಯದೆ ಎಷ್ಟೋ ಕಾಲವಾಗಿತ್ತು.

"ಇನ್ನು ಬೊಜ್ಜ ಆಗುವವರೆಗೆ ಮನೆಗೆ ಮೀನು ತರಬೇಡ. ಗುರಿಕಾರರನ್ನು ಕಂಡು ಬರ್ಲಿಕ್ಕೆ ಅಪ್ಪನ ಹತ್ರ ಹೇಳು." ಮುಂದಕ್ಕೆ ಬಾಗಿ, "ಅಣ್ಣ ಎಂತಾದ್ರೂ ಹೇಳಿದ್ನಾ ಮಗಾ, ಕಡೆಗೆ?" ಎಂದು ಕೇಳಿದಳು.

ಅಕ್ಷಿತ್ ಹ್ಯಾಂಡಲಿನ ಮೇಲೆ ತಲೆಯಿಟ್ಟ. ಅವನ ಬೆನ್ನು ಅದುರುವುದು ಹಿಂದಿನ ಸೀಟಿಗೆ ಕಾಣುತ್ತಿತ್ತು. "ಇಲ್ಲಮ್ಮ. ನನ್ನನ್ನು ದೂಡಿದ, ಅಷ್ಟೇ. ದಡದ ಕಡೆಗೆ ದೂಡಿದ."

ಕುಶಲಾ ಕೈ ಚಾಚಿ ಅವನ ಬೆನ್ನಿನ ಮೇಲೆ ಇಟ್ಟಳು. ಚೈತಾಲಿ ಮಡಿಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇಷ್ಟು ತಿಂಗಳು ಈ ಮುದುಕಿ ಹೊತ್ತು ನಿಲ್ಲಿಸಿದ್ದ ಗಂಡ ಈಗ ಈ ರಸ್ತೆಯ ಬದಿಯಲ್ಲಿ, ಈ ಹಗಲಿನಲ್ಲಿ ಸತ್ತ. ಅವಳಿಗೆ ಕೂಗಿ ಅಳಬೇಕೆನಿಸಿತು. ರಸ್ತೆಯಾದ್ದರಿಂದ ಸೆರಗನ್ನು ಬಾಯಿಗೆ ಒತ್ತಿ ಅತ್ತಳು.

"ತರಕಾರಿಯವನ ಹತ್ರ ಬಸಳೆ ಉಂಟಾ ನೋಡು" ಎಂದಳು ಕುಶಲಾ. "ಮಗು ಶಾಲೆಯಿಲ್ಲದೆ ಮನೆಯಲ್ಲುಂಟು, ಹಸಿದಿರ್ತದೆ."

ಅಕ್ಷಿತ್ ಮುಖ ಒರೆಸಿಕೊಂಡು ಇಳಿದು ಹೋದ. ಬಸಳೆಯ ಕಟ್ಟನ್ನು ತಂದು ಆಭರಣದ ಪೆಟ್ಟಿಗೆಯ ಮೇಲೆ ಇಟ್ಟು, ರಿಕ್ಷಾವನ್ನು ಕಾಪುವಿನ ಕಡೆಗೆ ಬಿಟ್ಟ.